ಮಿಲ್ಲಿನ ಪಾಲು ಕರಗುವ ಮುನ್ನ: ಕಂಪನಿ ವ್ಯಾಜ್ಯದಲ್ಲಿ ಮಧ್ಯಂತರ ಆದೇಶದ ಲೆಕ್ಕ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ರೈಸ್‌ಮಿಲ್ಲುಗಳು, ರಾಯಚೂರಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗಳು, ಬಳ್ಳಾರಿ–ಕೊಪ್ಪಳದ ಸ್ಪಾಂಜ್ ಐರನ್ ಘಟಕಗಳು. ಇವುಗಳಲ್ಲಿ ಎಷ್ಟೋ ಬೋರ್ಡಿನ ಮೇಲೆ ಪ್ರೈವೇಟ್ ಲಿಮಿಟೆಡ್. ಒಳಗೆ ನಡೆಯುವುದು ಮನೆತನದ ವ್ಯವಹಾರ. ಬ್ಯಾಂಕ್ ಸಾಲಕ್ಕೆ ಅನುಕೂಲ ಎಂದು ಆಡಿಟರ್ ಹೇಳಿದ ಮಾತು ಕೇಳಿ ಕಂಪನಿ ಮಾಡಿಕೊಂಡವರು ಅಣ್ಣತಮ್ಮಂದಿರು ಮತ್ತು ಬೀಗರು. ಕಾಗದ ಬಂದಾಗ ಸಹಿ ಹಾಕಿದರು, ಲಾಭ ಬಂದಾಗ ಹಂಚಿಕೊಂಡರು. ಈಗ ಕುರ್ಚಿಗೆ ಬಂದಿರುವುದು ಅವರ ಮಕ್ಕಳು. ಕಡಿಮೆ ಪಾಲು ಇರುವವರಿಗೆ ಒಂದು ದಿನ ಗೊತ್ತಾಗುತ್ತದೆ: ತಮ್ಮ ಹೆಸರು ಡೈರೆಕ್ಟರ್‌ಗಳ ಪಟ್ಟಿಯಲ್ಲಿಲ್ಲ, ಕಾಲು ಭಾಗದಷ್ಟಿದ್ದ ಪಾಲು ಶೇ 10ಕ್ಕಿಂತ ಕೆಳಗಿಳಿದಿದೆ, ಮಿಲ್ಲಿನ ಪಕ್ಕದ ಖಾಲಿ ಜಾಗ ಯಾರದೋ ಹೆಸರಿಗೆ ಕ್ರಯವಾಗಿದೆ.

ಇದಕ್ಕೆ ಮದ್ದು ಕಂಪನಿ ಕಾಯ್ದೆ 2013ರ 241 ಮತ್ತು 242ನೇ ಕಲಂಗಳಲ್ಲಿದೆ. ದಬ್ಬಾಳಿಕೆ ಮತ್ತು ದುರಾಡಳಿತದ ವಿರುದ್ಧ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಅಂದರೆ ಎಲ್ಲರೂ ಎನ್‌ಸಿಎಲ್‌ಟಿ ಎನ್ನುವ ಪೀಠಕ್ಕೆ, ಅರ್ಜಿ ಹಾಕುವುದು. ಮೂಲ ಅರ್ಜಿ ಇತ್ಯರ್ಥವಾಗಲು ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಮಿಲ್ಲು ಹಲವು ಸುಗ್ಗಿ ದಾಟಿರುತ್ತದೆ, ಸಾಲ ಬೆಳೆದಿರುತ್ತದೆ, ಆಸ್ತಿ ಕೈ ಬದಲಿಸಿರುತ್ತದೆ. ಹಾಗಾಗಿ ಈ ವ್ಯಾಜ್ಯಗಳ ನಿಜವಾದ ಹಣಾಹಣಿ 242ನೇ ಕಲಂನ 4ನೇ ಉಪಕಲಂ ಅಡಿಯ ಮಧ್ಯಂತರ ಆದೇಶದ ಮೇಲೆಯೇ. ಅಲ್ಲಿ ಸೋಲುವವರಲ್ಲಿ ಹೆಚ್ಚಿನವರು ನ್ಯಾಯ ತಮ್ಮ ಕಡೆ ಇಲ್ಲದೆ ಸೋಲುವುದಿಲ್ಲ. ತಡವಾಗಿ ಹೋಗುತ್ತಾರೆ, ಹೋದ ಮೇಲೆ ಅತಿಯಾಗಿ ಕೇಳುತ್ತಾರೆ.

ಮಧ್ಯಂತರ ಆದೇಶದ ತೂಕ ಎಷ್ಟು ಎಂಬುದಕ್ಕೆ ದೇಶದ ಅತಿ ದೊಡ್ಡ ಷೇರುದಾರರ ಜಗಳವನ್ನೇ ನೋಡಬಹುದು. ಟಾಟಾ ಸನ್ಸ್ ಪ್ರಕರಣದಲ್ಲಿ ಸೈರಸ್ ಮಿಸ್ತ್ರಿ ಅವರನ್ನು ಮತ್ತೆ ಅಧ್ಯಕ್ಷ ಸ್ಥಾನದಲ್ಲಿ ಕೂರಿಸಬೇಕೆಂದು ಮೇಲ್ಮನವಿ ನ್ಯಾಯಮಂಡಳಿ 2019ರ ಡಿಸೆಂಬರ್ 18ರಂದು ಹೇಳಿತು. 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಅಂತಿಮ ತೀರ್ಪು ಬಂದದ್ದು 2021ರ ಮಾರ್ಚ್ 26ಕ್ಕೆ, ಅದೂ ಟಾಟಾ ಪರವಾಗಿ. ನಡುವಿನ ಹದಿನಾಲ್ಕು ತಿಂಗಳು ಕಂಪನಿ ಯಾರ ಕೈಯಲ್ಲಿತ್ತು ಎಂಬುದನ್ನು ತೀರ್ಮಾನಿಸಿದ್ದು ಆ ತಡೆಯಾಜ್ಞೆ.

ಯಾವ ಕೋರ್ಟು?

ಮೊದಲು ಜಿಎಸ್‌ಟಿ ಸರ್ಟಿಫಿಕೇಟ್ ತೆಗೆದು ವ್ಯವಹಾರದ ಸ್ವರೂಪ (ಕಂಪನಿಯೋ, ಪಾಲುದಾರಿಕೆಯೋ) ಏನೆಂದು ಬರೆದಿದೆ ನೋಡಿ. ನಮ್ಮ ಕಡೆಯ ಬಹಳಷ್ಟು ಮಿಲ್ಲುಗಳು ಇನ್ನೂ ಪಾಲುದಾರಿಕೆ ಸಂಸ್ಥೆಗಳೇ. ಹೆಸರಿನ ಮುಂದೆ 'ಇಂಡಸ್ಟ್ರೀಸ್' ಎಂದಿದ್ದ ಮಾತ್ರಕ್ಕೆ ಕಂಪನಿಯಾಗುವುದಿಲ್ಲ. ಪಾಲುದಾರಿಕೆಗೆ 241ನೇ ಕಲಂ ಅನ್ವಯಿಸದು. ಅದರ ದಾರಿ 1932ರ ಪಾಲುದಾರಿಕೆ ಕಾಯ್ದೆ. ಪತ್ರದಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೆ ಮಧ್ಯಸ್ಥಿಕೆ ಕಾಯ್ದೆಯ 9ನೇ ಕಲಂ ಅಡಿ ತಾತ್ಕಾಲಿಕ ರಕ್ಷಣೆ.

ಕಂಪನಿಯೇ ಆಗಿದ್ದರೆ ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ 'ಸ್ಟೇ ತರೋಣ' ಎನ್ನುವ ಸಲಹೆ ಬರುತ್ತದೆ. ಕೋರ್ಟು ಹತ್ತಿರ, ವಕೀಲರು ಪರಿಚಯ. ಆದರೆ ನ್ಯಾಯಮಂಡಳಿ ತೀರ್ಮಾನಿಸಬೇಕಾದ ವಿಷಯವನ್ನು ಸಿವಿಲ್ ಕೋರ್ಟ್ ವಿಚಾರಿಸುವಂತಿಲ್ಲ, ಅದರ ಬಗ್ಗೆ ಯಾವ ಕೋರ್ಟೂ ತಡೆಯಾಜ್ಞೆ ಕೊಡುವಂತಿಲ್ಲ ಎಂದು 430ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಎದುರಾಳಿ ಈ ಆಕ್ಷೇಪ ಎತ್ತಿದ ದಿನದಿಂದ ವಾದವೆಲ್ಲ ಅಧಿಕಾರ ವ್ಯಾಪ್ತಿಯ ಸುತ್ತಲೇ ತಿರುಗುತ್ತದೆ. ಕೊನೆಗೆ ದಾವೆ ವಾಪಸಾಗುವ ಹೊತ್ತಿಗೆ ಷೇರು ಹಂಚಿಕೆ ಹಳೆಯದಾಗಿರುತ್ತದೆ. ತಪ್ಪು ಕೋರ್ಟಿನಲ್ಲಿ ಕಳೆದ ಸಮಯವನ್ನು ಕಾಲಮಿತಿಯ ಲೆಕ್ಕದಿಂದ ಕಳೆಯಲು ಕಾನೂನಿನಲ್ಲಿ ಅವಕಾಶ ಇದೆ, ಆದರೆ 'ತುರ್ತು' ಎಂಬ ವಾದ ಅಷ್ಟರಲ್ಲಿ ಸತ್ತಿರುತ್ತದೆ. ಧಾರವಾಡ ಅಥವಾ ಕಲಬುರಗಿ ಹೈಕೋರ್ಟ್ ಪೀಠಕ್ಕೆ ರಿಟ್ ಹಾಕುವುದೂ ಅಷ್ಟೇ: ಬೇರೆ ಪರಿಹಾರ ಇದೆಯಲ್ಲ, ಅಲ್ಲಿಗೆ ಹೋಗಿ ಎನ್ನುತ್ತಾರೆ.

ಊರಿನ ಸಿವಿಲ್ ಕೋರ್ಟಿಗೆ ಒಂದು ಕೆಲಸ ಉಳಿದಿದೆ. ಷೇರುದಾರ ತೀರಿಕೊಂಡಿದ್ದು, ನಾಡಕಚೇರಿಯ ವಂಶವೃಕ್ಷ ಸಾಲದು ಎಂದು ಕಂಪನಿ ಹೇಳಿದರೆ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾದದ್ದು ಅಲ್ಲಿಂದಲೇ. ಹೆಸರು ರಿಜಿಸ್ಟರ್‌ಗೆ ಏರುವವರೆಗೆ ವಾರಸುದಾರರು ಕೈಕಟ್ಟಿ ಕೂರಬೇಕಿಲ್ಲ. ಮೃತ ಸದಸ್ಯನ ವಾರಸುದಾರರು, ಹೆಸರು ದಾಖಲಾಗಿರದಿದ್ದರೂ, ದಬ್ಬಾಳಿಕೆಯ ಅರ್ಜಿ ಹಾಕಬಹುದೆಂದು ವರ್ಲ್ಡ್ ವೈಡ್ ಏಜೆನ್ಸೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರ ಸುಮಾರಿಗೇ ಹೇಳಿದೆ. ಗಂಡ ಸತ್ತ ಮೇಲೆ 'ಅಕ್ಕಾ, ಪ್ರಮಾಣಪತ್ರ ಬರಲಿ, ಆಮೇಲೆ ನೋಡೋಣ' ಎಂದು ಮೈದುನಂದಿರು ಹೇಳಿದ್ದನ್ನು ನಂಬಿ ಸುಮ್ಮನೆ ಕೂತ ಹೆಣ್ಣುಮಕ್ಕಳು ಈ ತೀರ್ಪನ್ನು ತಿಳಿದಿರಬೇಕು.

ಪಾಲು ಕರಗುವ ಬಗೆ

ಒಂದು ಲೆಕ್ಕ ಹಾಕೋಣ. ಮಿಲ್ಲಿನ ಕಂಪನಿಯ ಬಂಡವಾಳ ₹1 ಕೋಟಿ. ತಲಾ ₹10ರ 10 ಲಕ್ಷ ಷೇರು. ಕಿರಿಯ ತಮ್ಮನ ಹೆಂಡತಿಯ ಹೆಸರಲ್ಲಿ 2.4 ಲಕ್ಷ ಷೇರು, ಅಂದರೆ ಶೇ 24. ಆಡಳಿತ ಮಂಡಳಿ ಹೊಸದಾಗಿ 15 ಲಕ್ಷ ಷೇರು ಹೊರಡಿಸಿ ಉಳಿದಿಬ್ಬರು ಅಣ್ಣಂದಿರ ಕುಟುಂಬಕ್ಕೇ ಹಂಚುತ್ತದೆ. ಒಟ್ಟು 25 ಲಕ್ಷ ಷೇರು. ಆಕೆಯ ಪಾಲು ಶೇ 9.6. ಮಿಲ್ಲಿನ ಜಾಗ, ಯಂತ್ರ, ಗೋದಾಮು ಸೇರಿ ಒಂದು ಷೇರಿಗೆ ನೂರಾರು ರೂಪಾಯಿ ಬೆಲೆ ಬಾಳುವಾಗ ಹತ್ತು ರೂಪಾಯಿಗೆ ಹಂಚಿದ್ದರಿಂದ ನಷ್ಟ ಶೇಕಡಾವಾರಿನದ್ದಷ್ಟೇ ಅಲ್ಲ, ಆಸ್ತಿಯದ್ದೂ ಹೌದು.

ಇದು ರಾತ್ರೋರಾತ್ರಿ ಆಗುವ ಕೆಲಸವಲ್ಲ, ಹೆಜ್ಜೆ ಗುರುತು ಬಿಟ್ಟೇ ಹೋಗುತ್ತದೆ. ಅಧಿಕೃತ ಬಂಡವಾಳ, ಅಂದರೆ ಕಂಪನಿ ಹೊರಡಿಸಬಹುದಾದ ಷೇರಿನ ಗರಿಷ್ಠ ಮಿತಿ, ಒಂದೇ ಕೋಟಿ ಇದ್ದರೆ ಮೊದಲು ಅದನ್ನು ಎರಡೂವರೆ ಕೋಟಿಗೆ ಏರಿಸಬೇಕು. ಅದಕ್ಕೆ ಸಾಮಾನ್ಯ ಸಭೆ ಬೇಕು, ಆಮೇಲೆ 30 ದಿನದೊಳಗೆ ಎಸ್‌ಎಚ್-7 ನಮೂನೆ ಸಲ್ಲಿಸಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿಯ ಮಾಸ್ಟರ್ ಡೇಟಾವನ್ನು ಹಣ ಕೊಡದೆ ನೋಡಬಹುದು: ಅಧಿಕೃತ ಬಂಡವಾಳ, ಪಾವತಿಯಾದ ಬಂಡವಾಳ, ಡೈರೆಕ್ಟರ್‌ಗಳ ಹೆಸರು ಎಲ್ಲವೂ ಅಲ್ಲಿರುತ್ತವೆ. ಮನೆಯಲ್ಲಿ ಮಾತು ನಿಂತ ದಿನದಿಂದ ತಿಂಗಳಿಗೊಮ್ಮೆ ಅದನ್ನು ತೆರೆದು ಮುದ್ರಿಸಿ ಇಟ್ಟುಕೊಳ್ಳಿ. ಕಾರಣವಿಲ್ಲದೆ ಅಧಿಕೃತ ಬಂಡವಾಳ ಏರಿದ್ದು ಕಂಡರೆ ಹಂಚಿಕೆ ಬರಲಿದೆ ಎಂದು ಅರ್ಥ. ನ್ಯಾಯಮಂಡಳಿಗೆ ಹೋಗಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೊಂದಿಲ್ಲ.

ಹಂಚಿಕೆ ಆಗಿಹೋಗಿದ್ದರೆ ಹಂಚಿಕೆಯ ವಿವರ ಸಲ್ಲಿಸುವ ಪಿಎಎಸ್-3 ನಮೂನೆಯನ್ನು ಶುಲ್ಕ ಕಟ್ಟಿ ತೆಗೆಯಿರಿ. ಅದರಲ್ಲಿ ಮೂರು ಕಡೆ ಕಣ್ಣಿಡಬೇಕು. ಹಂಚಿಕೆಯ ದಿನಾಂಕಕ್ಕೂ ನಮೂನೆ ಸಲ್ಲಿಸಿದ ದಿನಾಂಕಕ್ಕೂ ತಿಂಗಳುಗಟ್ಟಲೆ ಅಂತರವಿದ್ದರೆ ಹಿಂದಿನ ದಿನಾಂಕ ಹಾಕಿದ ಶಂಕೆ. ಎರಡನೆಯದು, ಹಕ್ಕಿನ ಷೇರಿನ ಪ್ರಸ್ತಾಪ ಪತ್ರ. 62ನೇ ಕಲಂ ಪ್ರಕಾರ ಅದು ಹಾಲಿ ಷೇರುದಾರರೆಲ್ಲರಿಗೂ ಅವರವರ ಪಾಲಿಗೆ ತಕ್ಕಂತೆ ಹೋಗಬೇಕು, ತಲುಪಿದ್ದಕ್ಕೆ ಪುರಾವೆ ಸಿಗುವ ರೀತಿಯಲ್ಲಿ ಹೋಗಬೇಕು. ಸಾಮಾನ್ಯವಾಗಿ ಉತ್ತರಿಸಲು ಕನಿಷ್ಠ 7 (2021ರ ಏಪ್ರಿಲ್‌ಗೆ ಮುಂಚೆ 15), ಗರಿಷ್ಠ 30 ದಿನ ಕೊಡಬೇಕು. ಖಾಸಗಿ ಕಂಪನಿಯಲ್ಲಿ ಶೇ 90 ಸದಸ್ಯರು ಒಪ್ಪಿದರಷ್ಟೇ ಇನ್ನೂ ಕಡಿಮೆ ಮಾಡಬಹುದು. 'ಯುಪಿಸಿಯಲ್ಲಿ (ಅಂಚೆಗೆ ಹಾಕಿದ್ದಕ್ಕಷ್ಟೇ ಮುದ್ರೆ ಒತ್ತಿ ಕೊಡುತ್ತಿದ್ದ ಚೀಟಿ) ಕಳಿಸಿದ್ದೆವು' ಎಂಬ ಉತ್ತರ ಬಂದರೆ ಖುಷಿಪಡಿ. ಆ ಸೇವೆಯನ್ನು ಅಂಚೆ ಇಲಾಖೆ 2011ರಲ್ಲೇ ನಿಲ್ಲಿಸಿದೆ. ಮೂರನೆಯದು, ಹಣ. ನಿಜವಾಗಿ ₹1.5 ಕೋಟಿ ಬ್ಯಾಂಕಿಗೆ ಬಂತೇ, ಅಥವಾ ಡೈರೆಕ್ಟರ್‌ಗಳ ಹಳೆಯ ಕೈಸಾಲವನ್ನೇ ಷೇರಾಗಿ ಬದಲಿಸಿದರೇ? ಸಾಲವನ್ನು ಷೇರಾಗಿಸುವ ಷರತ್ತಿಗೆ, ಆ ಸಾಲ ಪಡೆಯುವ ಮೊದಲೇ ಸಾಮಾನ್ಯ ಸಭೆಯ ವಿಶೇಷ ನಿರ್ಣಯ ಆಗಿರಬೇಕು. ನಮ್ಮ ಕಡೆ ಇದನ್ನು ಪಾಲಿಸಿದ ಕಂಪನಿ ಅಪರೂಪ.

ಆಡಳಿತದ ಮೇಲೆ ಹಿಡಿತ ಸಾಧಿಸಲೆಂದೇ ಮಾಡಿದ ಹಂಚಿಕೆ ನಿಲ್ಲದು ಎಂಬುದಕ್ಕೆ ಗಟ್ಟಿ ಆಧಾರ ಡೇಲ್ ಅಂಡ್ ಕ್ಯಾರಿಂಗ್ಟನ್ ಪ್ರಕರಣದ 2004ರ ತೀರ್ಪು. ವಿದೇಶದಲ್ಲಿದ್ದ ಷೇರುದಾರ ಹಣ ಹಾಕಿದ್ದ. ಇಲ್ಲಿದ್ದ ಮ್ಯಾನೇಜಿಂಗ್ ಡೈರೆಕ್ಟರ್ ತನಗೇ ಷೇರು ಹಂಚಿಕೊಂಡು ಬಹುಮತ ಮಾಡಿಕೊಂಡ. ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ಒಪ್ಪಲಿಲ್ಲ. ಎದುರಾಳಿಗಳು ಹಿಡಿಯುವುದು 1981ರ ನೀಡಲ್ ಇಂಡಸ್ಟ್ರೀಸ್ ತೀರ್ಪನ್ನು: ಕಂಪನಿಗೆ ನಿಜವಾದ ಅಗತ್ಯವಿದ್ದು ಷೇರು ಹೊರಡಿಸಿದಾಗ, ಜೊತೆಗೆ ಡೈರೆಕ್ಟರ್‌ಗಳಿಗೂ ಲಾಭವಾಯಿತು ಎಂದ ಮಾತ್ರಕ್ಕೆ ಅದು ದಬ್ಬಾಳಿಕೆ ಆಗದು. ಆದರೂ ಆ ಪ್ರಕರಣದಲ್ಲೇ ಕೋರ್ಟ್, ಪತ್ರ ತಡವಾಗಿ ತಲುಪಿ ಅವಕಾಶ ಕಳೆದುಕೊಂಡವರಿಗೆ ಬೆಲೆಯ ವ್ಯತ್ಯಾಸ ಕಟ್ಟಿಕೊಡಿ ಎಂದಿತು. ಕೊನೆಗೆ ಪ್ರಶ್ನೆ ಇಷ್ಟೇ: ಆ ಹೊತ್ತಿನಲ್ಲಿ ಕಂಪನಿಗೆ ಹಣ ಬೇಕಿತ್ತೇ? ಹಂಚಿಕೆಯ ತಿಂಗಳು ಬ್ಯಾಂಕ್ ಖಾತೆಯಲ್ಲಿ ಎಷ್ಟಿತ್ತು, ಬಂದ ಹಣ ಎಲ್ಲಿಗೆ ಹೋಯಿತು ಎಂದು ತೋರಿಸಿದವರ ಕಡೆ ಪೀಠ ವಾಲುತ್ತದೆ.

ಈಗ ಇದಕ್ಕೊಂದು ಹೊಸ ಉಪಾಯ ಸೇರಿಕೊಂಡಿದೆ. 'ಸಣ್ಣ ಕಂಪನಿ' (ಬಂಡವಾಳ, ವಹಿವಾಟು ನಿಗದಿತ ಮಿತಿಯೊಳಗಿರುವುದು) ಎಂಬ ವ್ಯಾಖ್ಯೆಗೆ ಬರದ ಖಾಸಗಿ ಕಂಪನಿಗಳೂ ಷೇರುಗಳನ್ನು ಡಿಮ್ಯಾಟ್ ಮಾಡಬೇಕೆಂಬ ನಿಯಮ 2023ರ ಅಕ್ಟೋಬರ್‌ನಲ್ಲಿ ಬಂತು; ಗಡುವು 2025ರ ಜೂನ್ 30ರವರೆಗೆ ವಿಸ್ತರಣೆಯಾಯಿತು. ಅದರ ಪ್ರಕಾರ ಹಕ್ಕಿನ ಷೇರು ಕೊಳ್ಳುವವನು ತನ್ನ ಹಳೆಯ ಷೇರುಗಳನ್ನು ಮೊದಲೇ ಡಿಮ್ಯಾಟ್ ಮಾಡಿಸಿರಬೇಕು. ಕಾಗದದ ಷೇರುಪತ್ರ ಕಂಪನಿಯ ತಿಜೋರಿಯಲ್ಲಿ, ಇಲ್ಲವೇ ಆಡಿಟರ್ ಕಚೇರಿಯ ಕಪಾಟಿನಲ್ಲಿ. ಕೇಳಿದರೆ 'ಹುಡುಕಿ ಕೊಡ್ತೀವಿ' ಎನ್ನುತ್ತಾರೆ. ಪತ್ರ ಸಿಗುವ ಮೊದಲೇ ಹಕ್ಕಿನ ಷೇರಿನ ಪ್ರಸ್ತಾಪ ಬರುತ್ತದೆ, ಅವಧಿಯೂ ಮುಗಿಯುತ್ತದೆ. ಆದ್ದರಿಂದ ಮೂಲ ಷೇರುಪತ್ರವನ್ನು ಈಗಲೇ ಕೈಗೆ ತೆಗೆದುಕೊಳ್ಳಿ. ಕೊಡದಿದ್ದರೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕೇಳಿ, ರಸೀದಿ ಇಟ್ಟುಕೊಳ್ಳಿ. ಪ್ರಸ್ತಾಪ ಬಂದರೆ ಸುಮ್ಮನಿರದೆ 'ನನಗೆ ಬೇಕು, ಹಣ ಸಿದ್ಧವಿದೆ, ಡಿಮ್ಯಾಟ್ ಮಾಡಿಕೊಡಿ' ಎಂದು ಬರೆಯಿರಿ. ಮಧ್ಯಂತರ ವಿಚಾರಣೆಯಲ್ಲಿ ಈ ಒಂದು ಪತ್ರ ಹತ್ತು ಪುಟದ ಅಫಿಡವಿಟ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಶೇ 10ರ ಹೆದರಿಕೆ

ಪಾಲು ಶೇ 9.6ಕ್ಕೆ ಇಳಿಯಿತು, ಇನ್ನು ಅರ್ಜಿ ಹಾಕಲು ಅರ್ಹತೆಯೇ ಇಲ್ಲ ಎಂದು ಹೆದರಿಸುವವರಿದ್ದಾರೆ. 244ನೇ ಕಲಂ ಸರಿಯಾಗಿ ಓದಿದರೆ ಹೆದರಿಕೆ ಹೋಗುತ್ತದೆ. ಹೊರಡಿಸಿದ ಬಂಡವಾಳದ ಹತ್ತನೇ ಒಂದು ಭಾಗ ಇರಬೇಕು, ಅಥವಾ 100 ಸದಸ್ಯರು ಇಲ್ಲವೇ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಒಟ್ಟು ಸದಸ್ಯರು ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಬ್ಬರೇ ಸಾಕು, ಪಾಲು ಎಷ್ಟಾದರೂ ಇರಲಿ. ಹನ್ನೊಂದರಿಂದ ಇಪ್ಪತ್ತು ಸದಸ್ಯರಿದ್ದರೆ ಇಬ್ಬರು. ಮನೆತನದ ಕಂಪನಿಗಳಲ್ಲಿ ಸದಸ್ಯರ ಸಂಖ್ಯೆ ಐದಾರು ದಾಟುವುದು ಕಡಿಮೆ. ಜಂಟಿ ಹೆಸರಿನ ಷೇರುದಾರರು ಒಬ್ಬರೆಂದೇ ಎಣಿಕೆ. ಷೇರಿನ ಮೇಲೆ ಕರೆದ ಹಣವೆಲ್ಲ ಕಟ್ಟಿರಬೇಕು.

ಬಂಡವಾಳದ ಲೆಕ್ಕದಲ್ಲೇ ಹೋಗುವವರು ಆದ್ಯತಾ ಷೇರುಗಳೂ ಆ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನು ಮರೆಯಬಾರದು. ಟಾಟಾ ಪ್ರಕರಣದಲ್ಲಿ ಈಕ್ವಿಟಿಯ ಶೇ 18ಕ್ಕೂ ಹೆಚ್ಚು ಇದ್ದ ಮಿಸ್ತ್ರಿ ಗುಂಪಿನ ಪಾಲು, ಆದ್ಯತಾ ಷೇರು ಸೇರಿಸಿ ಎಣಿಸಿದಾಗ ಶೇ 3ಕ್ಕಿಂತ ಕೆಳಗಿಳಿಯಿತು. ಮೇಲ್ಮನವಿ ಮಂಡಳಿ 2017ರಲ್ಲಿ ವಿನಾಯಿತಿ ನೀಡಿದ ಮೇಲೆಯೇ ಅರ್ಜಿ ಮುಂದೆ ಹೋದದ್ದು. ಹಾಗಾಗಿ ಅನುಮಾನವಿದ್ದರೆ ವಿನಾಯಿತಿ ಕೋರಿಕೆಯನ್ನು ಮೂಲ ಅರ್ಜಿಯ ಜೊತೆಗೇ ಹಾಕಿ. ಪಾಲು ಕೆಳಗಿಳಿದದ್ದೇ ಈಗ ಪ್ರಶ್ನಿಸುತ್ತಿರುವ ಹಂಚಿಕೆಯಿಂದ ಎಂಬ ವಾದವನ್ನೂ ಮೊದಲ ಪುಟಗಳಲ್ಲೇ ಬರೆಯಿರಿ.

ಶೇ 24 ಮತ್ತು ಶೇ 26ರ ನಡುವಿನ ಅಂತರ ಎರಡೇ ಅಂಕದ್ದಲ್ಲ. ವಿಶೇಷ ನಿರ್ಣಯಕ್ಕೆ ಚಲಾಯಿತ ಮತಗಳಲ್ಲಿ ನಾಲ್ಕನೇ ಮೂರು ಭಾಗ ಬೇಕಾದ್ದರಿಂದ ಕಾಲು ಭಾಗ ಮೀರಿದವರು ಅದನ್ನು ತಡೆಯಬಲ್ಲರು. ಆದರೆ ಈ ಬಲವನ್ನು ಅತಿಯಾಗಿ ನಂಬಿದವರೂ ಕೆಟ್ಟಿದ್ದಾರೆ. ಇಡೀ ಉದ್ಯಮವನ್ನೇ ಮಾರಲು ವಿಶೇಷ ನಿರ್ಣಯ ಬೇಕೆನ್ನುವ 180ನೇ ಕಲಂನಿಂದ ಖಾಸಗಿ ಕಂಪನಿಗಳಿಗೆ 2015ರ ಜೂನ್ 5ರ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಅಂದರೆ ಕಂಪನಿಯ ಸ್ವಂತ ನಿಯಮಾವಳಿಯಲ್ಲಿ (ಆರ್ಟಿಕಲ್ಸ್) ಬೇರೆ ಷರತ್ತು ಇಲ್ಲದಿದ್ದರೆ ಆಡಳಿತ ಮಂಡಳಿಯ ನಿರ್ಣಯದ ಮೇಲೆಯೇ ಮಿಲ್ಲು ಮಾರಾಟವಾಗಬಹುದು. ಶೇ 40 ಇದ್ದವರಿಗೂ ತಿಳಿಯದೆ. ಒಂದು ಸಂದು ಇದೆ: ವಾರ್ಷಿಕ ಲೆಕ್ಕಪತ್ರ ಮತ್ತು ವಾರ್ಷಿಕ ವಿವರಣೆ ಸಲ್ಲಿಸದೆ ಬಾಕಿ ಉಳಿಸಿಕೊಂಡ ಕಂಪನಿಗೆ ಈ ವಿನಾಯಿತಿ ಸಿಗದು ಎಂದು 2017ರಲ್ಲಿ ಸೇರಿಸಲಾಗಿದೆ. ಇವುಗಳ ನಮೂನೆಗಳಾದ ಎಒಸಿ-4 ಮತ್ತು ಎಂಜಿಟಿ-7 ಸಲ್ಲಿಕೆಯಾಗಿವೆಯೇ ಎಂದು ನೋಡಲು ಇದೂ ಒಂದು ಕಾರಣ.

ಸಿಟ್ಟಿಗೆ ರಾಜೀನಾಮೆ ಕೊಡಬೇಡಿ

ಜಗಳವಾದ ದಿನವೇ 'ನಿಮ್ಮ ಮಿಲ್ಲೂ ಬೇಡ, ಕುರ್ಚಿಯೂ ಬೇಡ' ಎಂದು ಡೈರೆಕ್ಟರ್ ಸ್ಥಾನ ಬಿಟ್ಟು ಬರುವುದು ಈ ವ್ಯಾಜ್ಯಗಳ ಅತಿ ದುಬಾರಿ ತಪ್ಪು. ಡೈರೆಕ್ಟರ್ ಆಗಿರುವವರೆಗೆ 128ನೇ ಕಲಂ ಪ್ರಕಾರ ಲೆಕ್ಕದ ಪುಸ್ತಕ ನೋಡುವ ಹಕ್ಕಿದೆ, ಮಂಡಳಿ ಸಭೆಯ ನೋಟಿಸು ಬರುತ್ತದೆ. ಬರೀ ಷೇರುದಾರನಿಗೆ ಸದಸ್ಯರ ರಿಜಿಸ್ಟರ್, ಸಾಮಾನ್ಯ ಸಭೆಯ ನಡಾವಳಿ ಸಿಗುತ್ತವೆ. ಮಂಡಳಿಯ ನಡಾವಳಿ ಸಿಗುವುದಿಲ್ಲ. ಸಭೆಗೆ ಹೋಗದೆ ಕೂರುವುದೂ ಅಪಾಯ. ಹನ್ನೆರಡು ತಿಂಗಳಲ್ಲಿ ನಡೆದ ಒಂದೂ ಮಂಡಳಿ ಸಭೆಗೆ ಹೋಗದಿದ್ದರೆ 167ನೇ ಕಲಂ ಪ್ರಕಾರ ಸ್ಥಾನ ತಾನಾಗಿಯೇ ಖಾಲಿಯಾಗುತ್ತದೆ. ಕರೆಯದೆಯೇ 'ಕರೆದಿದ್ದೆವು, ಬರಲಿಲ್ಲ' ಎಂದು ಬರೆದು, ಡೈರೆಕ್ಟರ್ ಬದಲಾವಣೆ ತಿಳಿಸುವ ಡಿಐಆರ್-12 ನಮೂನೆ ಸಲ್ಲಿಸುವುದು ಹಳೆಯ ತಂತ್ರ. ಮೂರು ತಿಂಗಳಿಗೊಮ್ಮೆ 'ನನಗೆ ಯಾವ ಸಭೆಯ ನೋಟಿಸೂ ಬಂದಿಲ್ಲ' ಎಂದು ಕಂಪನಿಗೆ ಇಮೇಲ್ ಹಾಕುತ್ತಿದ್ದರೆ ಆ ತಂತ್ರ ಮಗುಚಿಬೀಳುತ್ತದೆ.

ಡಿಜಿಟಲ್ ಸಹಿಯ ಪೆನ್‌ಡ್ರೈವ್ ಎಲ್ಲಿದೆ? ಬಹುತೇಕ ಆಡಿಟರ್ ಕಚೇರಿಯ ಡ್ರಾಯರ್‌ನಲ್ಲಿ, ಪಾಸ್‌ವರ್ಡ್ ಚೀಟಿ ಅಂಟಿಸಿಕೊಂಡು. ಇಡೀ ಊರಿನ ಮಿಲ್ಲುಗಳಿಗೆ ಒಂದೇ ಆಡಿಟರ್ ಇರುವಾಗ ಆತ ಬಲ ಇರುವ ಕಡೆಗೆ ನಿಲ್ಲುವುದು ಸಹಜ. ಮೊದಲ ದಿನವೇ ಅದನ್ನು ವಾಪಸ್ ಪಡೆಯಿರಿ. ಕೊಡದಿದ್ದರೆ ರದ್ದು ಮಾಡಿಸಿ ಹೊಸದು ಮಾಡಿಸಿ. 'ನನ್ನ ಸಹಿ ನಾನು ಹಾಕಿದ್ದಲ್ಲ' ಎಂಬ ವಾದ ಆಮೇಲೆ ಬಹಳ ತೆಳ್ಳಗೆ ಕೇಳುತ್ತದೆ.

ಹಣ ಸೋರಿಕೆಯ ಆರೋಪಕ್ಕೆ ಮಿಲ್ಲಿನ ಒಳಗಿನ ಲೆಕ್ಕಕ್ಕಿಂತ ಹೊರಗಿನ ದಾಖಲೆ ಗಟ್ಟಿ. ಸರ್ಕಾರಕ್ಕೆ ಅಕ್ಕಿ ಮಾಡಿಕೊಡುವಾಗಿನ ಮಾನದಂಡದಲ್ಲಿ ನೂರು ಕ್ವಿಂಟಲ್ ಭತ್ತಕ್ಕೆ 67 ಕ್ವಿಂಟಲ್ ಬೆಳ್ತಿಗೆ ಅಕ್ಕಿ, ಕುಸುಬಲಕ್ಕಿಯಾದರೆ 68. ಲೆಕ್ಕದಲ್ಲಿ ಇಳುವರಿ ಅದಕ್ಕಿಂತ ಬಹಳ ಕಡಿಮೆ ಇದ್ದರೆ, ಅಥವಾ ತೌಡು, ನುಚ್ಚು, ಹೊಟ್ಟಿನ ಮಾರಾಟವೇ ಕಾಣದಿದ್ದರೆ ಪ್ರಶ್ನೆ ಹುಟ್ಟುತ್ತದೆ. ಜೆಸ್ಕಾಂ ಬಿಲ್ಲಿನಲ್ಲಿ ಉರಿದ ಯೂನಿಟ್ ಹಿಂದಿನ ವರ್ಷದಷ್ಟೇ ಇದ್ದು ತೋರಿಸಿದ ಉತ್ಪಾದನೆ ಮಾತ್ರ ಅರ್ಧಕ್ಕಿಳಿದಿದ್ದರೆ ಆ ಪ್ರಶ್ನೆಗೆ ಬಲ ಬರುತ್ತದೆ. ಅದರ ಜೊತೆ ಎಪಿಎಂಸಿ ಶುಲ್ಕದ ರಸೀದಿ, ಜಿಎಸ್‌ಟಿ ವಿವರಣೆ, ಇ-ವೇ ಬಿಲ್ಲು. ಅಣ್ಣನ ಮಗನ ಟ್ರೇಡಿಂಗ್ ಸಂಸ್ಥೆಗೆ ಮಾರುಕಟ್ಟೆಗಿಂತ ಕಡಿಮೆ ದರದಲ್ಲಿ ಅಕ್ಕಿ ಹೋಗಿದ್ದರೆ ಇನ್‌ವಾಯ್ಸ್ ದರವನ್ನು ಅದೇ ವಾರದ ಬೇರೆ ಇನ್‌ವಾಯ್ಸ್ ಜೊತೆ ಪಕ್ಕಪಕ್ಕ ಇಡಿ. ಎರಡು ಪುಟದ ಕೋಷ್ಟಕ ಸಾಕು. ಕನ್ನಡದ ಕಚ್ಚಾ ಚೀಟಿ, ಕೈಬರಹದ ರೋಜು ಪುಸ್ತಕ ಇದ್ದರೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ ಎಂಬುದು ಬೆಂಗಳೂರಿಗೆ ಹೋದ ಮೇಲೆ ಹೊಳೆಯಬಾರದು.

ಮೊದಲ ದಿನ ಏನು ಕೇಳಬೇಕು

ಮಧ್ಯಂತರ ಆದೇಶಕ್ಕೆ ಪೀಠ ನೋಡುವುದು ಎಲ್ಲ ಕೋರ್ಟುಗಳಂತೆ ಮೂರು ಸಂಗತಿ: ಮೇಲ್ನೋಟಕ್ಕೆ ಹುರುಳಿದೆಯೇ, ಆದೇಶ ಕೊಟ್ಟರೆ ಮತ್ತು ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಮೇಲೆ ಹಣದಿಂದ ಸರಿಪಡಿಸಲಾಗದ ಹಾನಿ ಇದೆಯೇ. ಆಡಳಿತ ಮಂಡಳಿಯನ್ನೇ ವಜಾ ಮಾಡಿ, ಆಡಳಿತಾಧಿಕಾರಿ ನೇಮಿಸಿ, ಬ್ಯಾಂಕ್ ಖಾತೆ ಮುಟ್ಟುಗೋಲು ಹಾಕಿ ಎಂದು ಕೇಳಿದರೆ ಎರಡನೆಯ ಪರೀಕ್ಷೆಯಲ್ಲೇ ಬೀಳುತ್ತೀರಿ. ಖಾತೆ ನಿಂತರೆ ರೈತರಿಗೆ ಭತ್ತದ ಹಣ ಹೋಗುವುದಿಲ್ಲ, ಹಮಾಲರ ಕೂಲಿ ನಿಲ್ಲುತ್ತದೆ, ಸಾಲದ ಖಾತೆ ಕೆಡುತ್ತದೆ. ಎದುರು ವಕೀಲರು ಇದನ್ನೇ ಹೇಳುತ್ತಾರೆ, ಅದು ನಿಜವೂ ಹೌದು. ಡೈರೆಕ್ಟರ್ ಸ್ಥಾನದಿಂದ ತೆಗೆದದ್ದಷ್ಟನ್ನೇ ದೊಡ್ಡದು ಮಾಡುವುದೂ ಫಲ ಕೊಡದು. ಸ್ಥಾನದಿಂದ ಕೆಳಗಿಳಿಸಿದ್ದೇ ದಬ್ಬಾಳಿಕೆ ಆಗದು ಎಂಬ ನಿಲುವು 2021ರ ಟಾಟಾ ತೀರ್ಪಿನಲ್ಲಿ ಇನ್ನಷ್ಟು ಗಟ್ಟಿಯಾಗಿದೆ.

ನಮ್ಮ ಅಭಿಪ್ರಾಯದಲ್ಲಿ ಮೊದಲ ದಿನ ಕೇಳಬೇಕಾದದ್ದು ನಾಲ್ಕೇ: ಷೇರು ಬಂಡವಾಳದಲ್ಲಿ ಬದಲಾವಣೆ ಬೇಡ, ಸ್ಥಿರಾಸ್ತಿ ಮಾರಾಟ, ಅಡಮಾನ ಬೇಡ, ವಿವಾದಿತ ಷೇರುಗಳ ಮತ ಎಣಿಸಿ ಮಾಡುವ ಯಾವ ನಿರ್ಣಯವೂ ಅಂತಿಮ ಆದೇಶಕ್ಕೆ ಒಳಪಟ್ಟಿರಲಿ, ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಪ್ರತಿ ನಮಗೂ ಕೊಡಲಿ. ಕೊನೆಯದು ಸಣ್ಣದಾಗಿ ಕಾಣುತ್ತದೆ, ಆದರೆ ಬಹಳ ಉಪಯುಕ್ತ. ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಇರುವ ಮಿಲ್ಲು ಅದನ್ನು ಹೇಗೂ ಸಿದ್ಧಪಡಿಸುತ್ತದೆ, ಕಷ್ಟ ಎನ್ನುವಂತಿಲ್ಲ. ಬ್ಯಾಂಕಿಗೆ ತೋರಿಸಿದ ದಾಸ್ತಾನಿಗೂ ಲೆಕ್ಕಪತ್ರದ ದಾಸ್ತಾನಿಗೂ ವ್ಯತ್ಯಾಸ ಬಂದರೆ ಮುಂದಿನ ಅರ್ಜಿಗೆ ಅದೇ ಆಧಾರ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು 'ಯಥಾಸ್ಥಿತಿ ಕಾಪಾಡಿ' ಎಂಬ ಬೋಳು ಕೋರಿಕೆಯಲ್ಲಿ. ಯಾವ ದಿನದ ಸ್ಥಿತಿ? ಹಂಚಿಕೆ ಆಗಿಹೋದ ಮೇಲೆ 'ಇಂದಿನ ಯಥಾಸ್ಥಿತಿ' ಎಂದು ಆದೇಶವಾದರೆ ಶೇ 9.6ಕ್ಕೇ ಮುದ್ರೆ ಬಿದ್ದಂತೆ. ಎದುರಾಳಿಗೆ ಅದು ನೀವೇ ತಂದುಕೊಟ್ಟ ಉಡುಗೊರೆ. ದಿನಾಂಕ ನಮೂದಿಸಿ, ಆ ದಿನ ಸದಸ್ಯರ ರಿಜಿಸ್ಟರಿನಲ್ಲಿದ್ದ ಪಾಲಿನ ಕೋಷ್ಟಕ ಲಗತ್ತಿಸಿ, ಆಸ್ತಿಯಾದರೆ ಸರ್ವೆ ನಂಬರು ಮತ್ತು ವಿಸ್ತೀರ್ಣ ಬರೆದು ಕೇಳಬೇಕು. ಹಳೆಯ ಸ್ಥಿತಿಗೆ ಮರಳಿಸಲು ಪೀಠ ಒಪ್ಪದಿದ್ದರೂ, ಹೊಸ ಷೇರುಗಳ ಮತವನ್ನು ತಡೆಹಿಡಿಯುವ ಮಾತಿಗೆ ಆಗ ನೆಲೆ ಸಿಗುತ್ತದೆ.

ಎದುರಾಳಿಯನ್ನು ಕೇಳದೆಯೇ ಮೊದಲ ದಿನ ಆದೇಶ ಸಿಗುವುದು ಅಪರೂಪ. ಅವರು ಮೊದಲೇ ಕೇವಿಯಟ್, ಅಂದರೆ ತಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಅರ್ಜಿ, ಹಾಕಿರಬಹುದು. ಅದರ ಆಯಸ್ಸು 90 ದಿನ. ಸಾಮಾನ್ಯವಾಗಿ ಆಗುವುದೇನೆಂದರೆ, ಅವರ ವಕೀಲರು ಎದ್ದು 'ಮುಂದಿನ ದಿನಾಂಕದವರೆಗೆ ಷೇರು ಹಂಚುವುದಿಲ್ಲ, ಆಸ್ತಿ ಮಾರುವುದಿಲ್ಲ' ಎಂದು ಮುಚ್ಚಳಿಕೆ ಕೊಡುತ್ತಾರೆ. ಅದನ್ನು ಒಪ್ಪಿಕೊಳ್ಳಿ. ಅದು ಆ ದಿನದ ಆದೇಶದಲ್ಲಿ ಪದಶಃ ದಾಖಲಾಗುವಂತೆ, ಕಂಪನಿ ಮತ್ತು ಎಲ್ಲ ಡೈರೆಕ್ಟರ್‌ಗಳ ಪರವಾಗಿ ಎಂದು ಬರೆಸುವಂತೆ ನೋಡಿಕೊಳ್ಳಿ. ಮುರಿದರೆ 425ನೇ ಕಲಂ ಅಡಿ ನ್ಯಾಯಾಂಗ ನಿಂದನೆ. ಮುಚ್ಚಳಿಕೆ 'ಮುಂದಿನ ದಿನಾಂಕದವರೆಗೆ' ಎಂದಿದ್ದರೆ ಪ್ರತಿ ದಿನಾಂಕದಲ್ಲೂ ಮುಂದುವರಿಸಲು ಕೇಳಲೇಬೇಕು. ಪೀಠ ಕೂರದ ದಿನ ಅದು ಸದ್ದಿಲ್ಲದೆ ಸತ್ತುಹೋದ ಉದಾಹರಣೆಗಳಿವೆ.

ಅರ್ಜಿಯ ಒಕ್ಕಣೆಯಲ್ಲಿ ಒಂದು ಸಾಲು ಬಿಟ್ಟುಹೋಗುವುದುಂಟು. ಕಂಪನಿಯನ್ನು ಮುಚ್ಚಲು ನ್ಯಾಯಯುತ ಕಾರಣಗಳಿವೆ, ಆದರೆ ಮುಚ್ಚಿದರೆ ಅರ್ಜಿದಾರರಿಗೇ ಅನ್ಯಾಯವಾಗುತ್ತದೆ ಎಂಬುದನ್ನು 242ನೇ ಕಲಂ ಬಯಸುತ್ತದೆ. ಆ ಮಾತು, ಅದಕ್ಕೆ ತಕ್ಕ ಸಂಗತಿಗಳು ಅರ್ಜಿಯಲ್ಲೇ ಇರಬೇಕು. ಮುಚ್ಚಿಟ್ಟ ವಿಷಯವೂ ಇರಬಾರದು. ಎರಡು ವರ್ಷದ ಹಿಂದೆ ನೀವೇ ಸಹಿ ಹಾಕಿದ ಕುಟುಂಬದ ಒಪ್ಪಂದ ಇದ್ದರೆ ಮೊದಲೇ ಹೇಳಿ. ಎದುರಾಳಿ ಅದನ್ನು ತೆಗೆದು ಮೇಜಿನ ಮೇಲಿಟ್ಟ ದಿನ ಮಧ್ಯಂತರ ಆದೇಶ ತೆರವಾಗುತ್ತದೆ.

ತಡ ಮಾಡುವುದರ ಬೆಲೆ ಕಾಯ್ದೆಯಲ್ಲೇ ಬರೆದಿದೆ. ಕಂಪನಿಯ ಆಸ್ತಿಗೆ ಸಂಬಂಧಿಸಿದ ವಂಚನೆಯ ಸ್ವರೂಪದ ಪಾವತಿ, ವರ್ಗಾವಣೆಗಳನ್ನು ರದ್ದುಪಡಿಸುವ ವಿಶೇಷ ಅಧಿಕಾರ ಅರ್ಜಿಗೆ ಮುಂಚಿನ ಮೂರು ತಿಂಗಳಿಗೆ ಸೀಮಿತ. ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ₹1 ಕೋಟಿ ಅಥವಾ ಮೇಲ್ಪಟ್ಟ ಬಾಕಿ ಉಳಿಸಿಕೊಂಡ ಕಂಪನಿಯ ವಿರುದ್ಧ ಬ್ಯಾಂಕ್ ಅಥವಾ ಸರಕು ಕೊಟ್ಟವರು ದಿವಾಳಿ ಸಂಹಿತೆಯಡಿ ಹೋಗಬಹುದು. ಆ ಅರ್ಜಿ ಅಂಗೀಕಾರವಾಗಿ ಮೊರಟೋರಿಯಂ (ಕಂಪನಿ ವಿರುದ್ಧದ ವ್ಯಾಜ್ಯ, ವಸೂಲಿಗಳಿಗೆ ತಡೆ) ಬಂತೆಂದರೆ ಆಡಳಿತ ಮಂಡಳಿಯ ಅಧಿಕಾರವೇ ಅಮಾನತು, 241ರ ಅರ್ಜಿ ಮೂಲೆಗೆ. ಉಕ್ಕಿನ ಬೆಲೆ ಬಿದ್ದ ವರ್ಷಗಳಲ್ಲಿ ಸ್ಪಾಂಜ್ ಐರನ್ ಕಂಪನಿಗಳ ಷೇರುದಾರರು ಇದನ್ನು ಮರೆಯಬಾರದು.

ಆದೇಶ ಸಿಕ್ಕ ಮೇಲೆ

ಆದೇಶದ ಕಾಗದ ಬೆಂಗಳೂರಿನಲ್ಲಿದ್ದರೆ ಗಂಗಾವತಿಯ ಉಪನೋಂದಣಾಧಿಕಾರಿಗೆ ಗೊತ್ತಾಗುವುದು ಹೇಗೆ? ದೃಢೀಕೃತ ಪ್ರತಿ ಕೈಗೆ ಬಂದ ದಿನವೇ ನಾಲ್ಕು ಕಡೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ: ಕಂಪನಿಯ ನೋಂದಾಯಿತ ಕಚೇರಿ, ಆಸ್ತಿ ಇರುವ ವ್ಯಾಪ್ತಿಯ ಉಪನೋಂದಣಿ ಕಚೇರಿ, ಸಾಲ ಕೊಟ್ಟ ಬ್ಯಾಂಕ್ ಶಾಖೆ, ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್. ಡಿಮ್ಯಾಟ್ ಆಗಿದ್ದರೆ ಷೇರು ವರ್ಗಾವಣೆ ಏಜೆಂಟರಿಗೂ. ಆಸ್ತಿ ಕೊಳ್ಳಲು ಬಂದವರು ಯಾರೆಂದು ಗೊತ್ತಿದ್ದರೆ ಅವರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ. ಆಮೇಲೆ 'ನನಗೆ ತಿಳಿದಿರಲಿಲ್ಲ' ಎನ್ನಲು ಬಾಯಿರುವುದಿಲ್ಲ.

ಬ್ಯಾಂಕಿಗೆ ಹೋದಾಗ ಇನ್ನೊಂದು ಕೆಲಸ ಮುಗಿಸಿ. ಕಂಪನಿಯ ಸಿಸಿ ಸಾಲಕ್ಕೆ ನಿಮ್ಮ ವೈಯಕ್ತಿಕ ಜಾಮೀನು, ಕೆಲವೊಮ್ಮೆ ಮನೆಯ ಅಡಮಾನವೂ ಇರುತ್ತದೆ. ಡೈರೆಕ್ಟರ್ ಸ್ಥಾನದಿಂದ ತೆಗೆದರೂ ಜಾಮೀನು ಹೋಗುವುದಿಲ್ಲ. ಮಿಲ್ಲು ಅವರ ಕೈಯಲ್ಲಿ, ಸಾಲದ ಹೊಣೆ ನಿಮ್ಮ ತಲೆಯ ಮೇಲೆ. ಕರಾರು ಕಾಯ್ದೆಯ 130ನೇ ಕಲಂ, ಮುಂದಿನ ವ್ಯವಹಾರಗಳ ಮಟ್ಟಿಗೆ ಮುಂದುವರಿಯುವ ಜಾಮೀನನ್ನು ನೋಟಿಸು ಕೊಟ್ಟು ಹಿಂಪಡೆಯಲು ಅವಕಾಶ ಕೊಡುತ್ತದೆ. ಜಾಮೀನು ಪತ್ರದಲ್ಲಿ ಆ ಹಕ್ಕನ್ನು ಬಿಟ್ಟುಕೊಟ್ಟ ಷರತ್ತು ಇದೆಯೇ ಎಂದು ಮೊದಲು ಓದಿ. ಇದ್ದರೂ ನೋಟಿಸು ಕೊಡಿ, ಮತ್ತು ಸಾಲದ ಮಿತಿ ಏರಿಸಬಾರದೆಂಬ ಕೋರಿಕೆಯನ್ನು ಮಧ್ಯಂತರ ಅರ್ಜಿಗೆ ಸೇರಿಸಿ.

ಆದೇಶ ವಿರುದ್ಧವಾಗಿ ಬಂದರೆ 45 ದಿನದೊಳಗೆ ಮೇಲ್ಮನವಿ. ಕರ್ನಾಟಕದ ಪ್ರಕರಣಗಳು ಹೋಗುವುದು ಚೆನ್ನೈನ ಮೇಲ್ಮನವಿ ಪೀಠಕ್ಕೆ. ತಕ್ಕ ಕಾರಣ ತೋರಿಸಿದರೆ ಇನ್ನೂ 45 ದಿನ ಸಿಗಬಹುದು, ಅದರಾಚೆ ಇಲ್ಲ. ಎರಡೂ ಕಡೆಯವರು ಒಪ್ಪಿ ಮಾಡಿಸಿಕೊಂಡ ಆದೇಶಕ್ಕೆ ಮೇಲ್ಮನವಿಯೇ ಇಲ್ಲ. ಮುಚ್ಚಳಿಕೆಗೆ ಒಪ್ಪುವ ಮುನ್ನ, ಷೇರು ಮಾರಿ ಹೊರಬರುವ ಮಾತುಕತೆಗೆ ಸಹಿ ಹಾಕುವ ಮುನ್ನ, ಬೆಲೆಕಟ್ಟುವವರು ನೋಂದಾಯಿತ ಮೌಲ್ಯಮಾಪಕರೇ, ಯಾವ ದಿನಾಂಕದ ಬೆಲೆ, ವಿವಾದಿತ ಹಂಚಿಕೆಗೆ ಮುಂಚಿನ ಪಾಲಿನ ಮೇಲೋ ನಂತರದ್ದರ ಮೇಲೋ ಎಂಬ ಮೂರನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.